ಬೋರ್ಡ್ ಕೆಟ್ಟಿದೆ ಎಂದವರು ಬರೆದುಕೊಡಲಿ

ಮನೆಯ ವಾಷಿಂಗ್ ಮಷಿನ್ ಕೆಟ್ಟರೆ ಅದನ್ನು ಮಾರಿದ ಕಂಪೆನಿಯವರನ್ನೇ ಕರೆಯಬೇಕೆಂಬುದು ನಮ್ಮ ಮಧ್ಯಮ ವರ್ಗದ ದೃಢ ನಂಬಿಕೆ. ಬಡಾವಣೆಯ ಮೆಕ್ಯಾನಿಕ್‌ಗಿಂತ ಸಮವಸ್ತ್ರ ಧರಿಸಿ ಬರುವಾತ ಹೆಚ್ಚು ಬಲ್ಲವನೆಂದು ಭಾವಿಸುತ್ತೇವೆ. ಈ ನಂಬಿಕೆಗೆ ನಾವು ತೆರುವ ಬೆಲೆ ಸಣ್ಣದಲ್ಲ.

ಇತ್ತೀಚೆಗೆ ಬೆಂಗಳೂರಿನ ನಮ್ಮ ಮನೆಯ ಯಂತ್ರದಿಂದ ನೀರು ಹೊರಹೋಗುವುದು ನಿಂತಿತು. ಅಧಿಕೃತ ಸೇವಾ ಕೇಂದ್ರದಿಂದ ಬಂದ ಯುವಕ ಹತ್ತು ನಿಮಿಷ ನೋಡಿ, ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ರೂಪಾಯಿ ಆಗುತ್ತದೆ ಎಂದ. ಒಪ್ಪಿದರೂ ಒಪ್ಪದಿದ್ದರೂ ಬಂದುಹೋದದ್ದಕ್ಕೆ ಶುಲ್ಕ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. ಯಾವ ಪರೀಕ್ಷೆಯಿಂದ ತಿಳಿಯಿತೆಂದು ಕೇಳಿದೆ, ಉತ್ತರವಿಲ್ಲ. ದೋಷವನ್ನು ಬರೆದುಕೊಡಿ ಎಂದೆ, ಅಂಥ ಪದ್ಧತಿಯೇ ಇಲ್ಲವಂತೆ. ಶುಲ್ಕ ತೆತ್ತು ಕಳುಹಿಸಿದೆ. ಮರುದಿನ ಬಂದ ಬಡಾವಣೆಯ ಮೆಕ್ಯಾನಿಕ್ ನೀರು ಹೊರಹಾಕುವ ಪಂಪನ್ನು ಬಿಚ್ಚಿ, ಅದರ ರೆಕ್ಕೆಗೆ ಸಿಲುಕಿದ್ದ ಹೇರ್‌ಪಿನ್ನೊಂದನ್ನು ಹೊರತೆಗೆದ. ನಾನೂರು ರೂಪಾಯಿಗೆ ಕೆಲಸ ಮುಗಿಯಿತು.

ಆ ಯುವಕನನ್ನು ದೂರಿ ಫಲವಿಲ್ಲ. ದೋಷ ಪತ್ತೆಹಚ್ಚುವವರೂ ಬಿಡಿಭಾಗ ಮಾರುವವರೂ ಒಬ್ಬರೇ ಆದಾಗ, ಪಿನ್ನು ತೆಗೆಯುವುದಕ್ಕಿಂತ ಬೋರ್ಡ್ ಬದಲಿಸುವುದೇ ಲಾಭದಾಯಕ. ಒಂದು ವೇಳೆ ಬೋರ್ಡ್ ನಿಜವಾಗಿಯೂ ಕೆಟ್ಟಿದ್ದರೆ? ಈ ಮಾದರಿಯ ಬೋರ್ಡ್ ತನಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಸಿಗುವುದಿಲ್ಲ, ಕಂಪೆನಿಯವರು ಹೊರಗಿನವರಿಗೆ ಕೊಡುವುದಿಲ್ಲ ಎಂದ ಮೆಕ್ಯಾನಿಕ್. ಕೈಯಲ್ಲಿ ಕಸುಬಿದ್ದೂ ಆತ ಕೈಕಟ್ಟಿ ಕೂರಬೇಕು. ಗ್ರಾಹಕನಿಗೋ ಹೊಸ ಯಂತ್ರ ಕೊಳ್ಳುವುದೇ ಲೇಸೆಂಬ ಉಪದೇಶ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು 2022ರ ಜುಲೈನಲ್ಲಿ ಸಮಿತಿ ರಚಿಸಿತು. ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಜಾಲತಾಣ ಮಾಹಿತಿ ಕೊಡಬಲ್ಲದೇ ಹೊರತು ಬಿಡಿಭಾಗ ಮಾರಲೇಬೇಕೆಂದು ಯಾರನ್ನೂ ಕಟ್ಟಿಹಾಕಲಾರದು. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ನಿರ್ದೇಶನವು ವಾಷಿಂಗ್ ಮಷಿನ್‌ನಂಥ ಉಪಕರಣಗಳ ಬಿಡಿಭಾಗಗಳ ಬೆಲೆ ದುರಸ್ತಿಗೇ ಅಡ್ಡಿಯಾಗುವಂತಿರಬಾರದು ಎನ್ನುತ್ತದೆ.

ನಮ್ಮಲ್ಲಿ ದೂರು ನೀಡಲು 1915 ಸಹಾಯವಾಣಿ ಇದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೂ ಕೆಲವು ನೂರು ರೂಪಾಯಿಗಾಗಿ ರಜೆ ಹಾಕಿ ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಕಂಪೆನಿಗಳಿಗೂ ಇದು ಗೊತ್ತು. ಆದ್ದರಿಂದ ಕಾನೂನಿನ ಕೆಲಸ ನಮ್ಮ ಮನೆಯ ಬಾಗಿಲಲ್ಲೇ ಆರಂಭವಾಗಬೇಕು: ಪರಿಶೀಲನಾ ಶುಲ್ಕ ಪಡೆದವರು ದೋಷವನ್ನೂ ಬಿಡಿಭಾಗದ ದರವನ್ನೂ ಬರೆದು ಸಹಿ ಹಾಕಲಿ, ಅದೇ ದರಕ್ಕೆ ಆ ಭಾಗ ಯಾವ ಮೆಕ್ಯಾನಿಕ್ ಕೇಳಿದರೂ ಸಿಗಲಿ, ಬದಲಿಸಿದ ಹಳೆಯ ಬೋರ್ಡನ್ನು ಗ್ರಾಹಕನ ಮನೆಯಲ್ಲೇ ಬಿಟ್ಟುಹೋಗಲಿ.