ಯಂತ್ರದ ತಪ್ಪಿಗೆ ಅಂಗಡಿಯವರ ದಂಡ

ಬ್ರಿಟನ್ನಿನ ಪೋಸ್ಟ್ ಆಫೀಸಿನ ಒಂದು ಪ್ರಕರಣವನ್ನು ನಮ್ಮ ಪೇಟೆಯ ವ್ಯಾಪಾರಿ ಬಂಧುಗಳೂ ಗಿರಣಿಯ ಸ್ನೇಹಿತರೂ ತಿಳಿದಿರುವುದು ಒಳ್ಳೆಯದು. ಅಷ್ಟು ದೂರದ ಸಂಗತಿ ನಮಗೇಕೆ ಎಂದು ಕೇಳುವವರು, ಗಲ್ಲಾಪೆಟ್ಟಿಗೆಯ ಪಕ್ಕದ ಬಿಲ್ಲಿನ ಕಂಪ್ಯೂಟರನ್ನು, ಗಿರಣಿಯ ಬಾಗಿಲಲ್ಲಿ ಬೆರಳೊತ್ತುವ ಹಾಜರಿ ಯಂತ್ರವನ್ನು ಒಮ್ಮೆ ನೋಡಿ ಆಮೇಲೆ ಮುಂದೆ ಓದಲಿ.

ಆ ದೇಶದ ಊರೂರಿನ ಅಂಚೆ ಕಛೇರಿಗಳನ್ನು ಬಹುಮಟ್ಟಿಗೆ ನಡೆಸುವವರು ಸರಕಾರಿ ನೌಕರರಲ್ಲ, ಸಣ್ಣ ಅಂಗಡಿಕಾರರು. ಒಂದು ಕಡೆ ಬ್ರೆಡ್ಡು, ಹಾಲು, ಪತ್ರಿಕೆಗಳ ಮಾರಾಟ. ಇನ್ನೊಂದು ಕಡೆ ಸ್ಟಾಂಪು, ಪಿಂಚಣಿಗಳ ವ್ಯವಹಾರ. ಇವರಿಗೆ ಸಬ್ ಪೋಸ್ಟ್‌ಮಾಸ್ಟರ್ ಎಂದು ಹೆಸರು. 1999ರಿಂದ ಇವರ ಕೌಂಟರುಗಳಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅದನ್ನು ಮಾಡಿಕೊಟ್ಟದ್ದೂ, ಮುಂದೆ ಅದರ ದುರಸ್ತಿ ನೋಡಿಕೊಂಡದ್ದೂ ಜಪಾನಿನ ಫುಜಿತ್ಸು ಒಡೆತನದ ಕಂಪನಿ. ಯಂತ್ರ ಬಂದ ಮೇಲೆ ಲೆಕ್ಕ ಮುಗಿಸಲು ಕುಳಿತರೆ, ಪೆಟ್ಟಿಗೆಯಲ್ಲಿರುವ ಹಣಕ್ಕೂ ಪರದೆಯ ಮೇಲಿನ ಮೊತ್ತಕ್ಕೂ ತಾಳೆಯೇ ಆಗದು. ಕೊರತೆ ಬಿದ್ದರೆ ತುಂಬಿಕೊಡುವ ಹೊಣೆ ಅಂಗಡಿಯವರದೇ ಎಂದು ಪೋಸ್ಟ್ ಆಫೀಸ್ ಪಟ್ಟು ಹಿಡಿಯಿತು.

ಗಿರಾಕಿಗೆ ಹೆಚ್ಚು ಕೊಟ್ಟೆನೇ, ಕೌಂಟರಿನ ಹುಡುಗಿ ಕದ್ದಳೇ ಎಂದು ಅವರು ಮೊದಲು ತಮ್ಮನ್ನೂ ತಮ್ಮವರನ್ನೂ ಅನುಮಾನಿಸಿದರು. ಆಮೇಲೆ ಸಹಾಯವಾಣಿಗೆ ಫೋನು ಮಾಡಿದರು. ಯಾರ್ಕ್‌ಷೈರಿನ ಬ್ರಿಡ್ಲಿಂಗ್ಟನ್ ಊರಿನ ಲೀ ಕ್ಯಾಸಲ್ಟನ್ ಎಂಬವರು ಹೀಗೆ 91 ಸಲ ಫೋನು ಮಾಡಿದರು. ಅವರ ಮೇಲೆ ಬಿದ್ದ ಕೊರತೆ ಸುಮಾರು 25,000 ಪೌಂಡು. ತಪ್ಪು ಯಂತ್ರದ್ದೆಂದು ವಕೀಲರಿಲ್ಲದೆ ತಾವೇ ಕೋರ್ಟಿನಲ್ಲಿ ನಿಂತು ವಾದಿಸಿ 2007ರಲ್ಲಿ ಸೋತರು. ಎದುರು ಪಕ್ಷದ ಖರ್ಚು 3,21,000 ಪೌಂಡು ಅವರ ತಲೆಗೆ ಬಂದು ದಿವಾಳಿಯಾದರು. ಹ್ಯಾಂಪ್‌ಷೈರಿನ ಒಂದು ಹಳ್ಳಿಯ ಜೋ ಹ್ಯಾಮಿಲ್ಟನ್ ಎಂಬ ಹೆಂಗಸು, ಸಹಾಯವಾಣಿಯವರು ಹೇಳಿದ ಗುಂಡಿಗಳನ್ನೇ ಒಂದೊಂದಾಗಿ ಒತ್ತಿದರು. 2,000 ಪೌಂಡಿದ್ದ ಕೊರತೆ ಕಣ್ಣೆದುರಿಗೇ ಇಮ್ಮಡಿಯಾಯಿತು! ಫೋನು ಮಾಡಿದ ಅನೇಕರಿಗೆ ಸಿಕ್ಕ ಉತ್ತರ ಒಂದೇ: ಈ ತೊಂದರೆ ನಿಮಗೊಬ್ಬರಿಗೇ, ಬೇರೆ ಯಾರೂ ಹೇಳಿಲ್ಲ.

ಒಬ್ಬೊಬ್ಬರನ್ನೂ ಒಂಟಿ ಮಾಡುವ ಈ ಉಪಾಯ ಗಿರಣಿಯವರಿಗೆ ಹೊಸದಲ್ಲ. ಮಜೂರಿ ಕಡಿತವಾಯಿತೆಂದು ಆಫೀಸಿಗೆ ಹೋದವನಿಗೆ ಹೇಳುವ ಮಾತೂ ಇದೇ ತಾನೆ?

ತಪ್ಪು ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಊರಿನ ಉದಾಹರಣೆಯೊಂದು ಸಾಕು. ಅಲ್ಲಿ 2015ರಲ್ಲಿ 8,000 ಪೌಂಡು ನಗದನ್ನು ಜಮಾ ಮಾಡುವಾಗ ಪರದೆ ಕದಲದೆ ನಿಂತಿತು. ನಾವು ನೀವೆಲ್ಲ ಮಾಡುವಂತೆ ಅಲ್ಲಿಯವರೂ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು. ಒತ್ತಿದಷ್ಟು ಸಲವೂ ಯಂತ್ರ ಸದ್ದಿಲ್ಲದೆ 8,000 ಬರೆದುಕೊಂಡಿತು. ಬಂದ ಹಣ ಎಂಟು ಸಾವಿರ, ಲೆಕ್ಕದಲ್ಲಿ ಮೂವತ್ತೆರಡು ಸಾವಿರ, ಕೊರತೆ 24,000! ಕಂಪನಿಯವರು ಹಿಂದಿನ ದಾಖಲೆ ತೆಗೆದು ನೋಡಿದಾಗ ಇಂಥವೇ 112 ಪ್ರಸಂಗಗಳು ಸಿಕ್ಕವು. ಐದು ವರ್ಷ ಈ ತಪ್ಪು ಒಳಗೇ ಕುಳಿತಿತ್ತು.

ಇಷ್ಟೆಲ್ಲ ನಡೆಯುವಾಗ ಯಂತ್ರದ ಒಳಗನ್ನು ಬಲ್ಲವರು ಯಾರೂ ಇರಲಿಲ್ಲವೆ? ಇದ್ದರು. ರಿಚರ್ಡ್ ರೋಲ್ ಎಂಬವರು 2001ರಿಂದ 2004ರವರೆಗೆ ಫುಜಿತ್ಸುವಿನ ಬ್ರಾಕ್ನೆಲ್ ಕಛೇರಿಯಲ್ಲಿ ಹೊರೈಜನ್ ದುರಸ್ತಿಯ ತಂತ್ರಜ್ಞರಾಗಿದ್ದರು. ಅವರು 2015ರಲ್ಲಿ ಬಿ.ಬಿ.ಸಿ.ಯ ಎದುರಿಗೂ, 2019ರಲ್ಲಿ ಕೋರ್ಟಿನಲ್ಲಿಯೂ ಹೇಳಿದ್ದು ಇದು: ತಾವು ಬ್ರಾಕ್ನೆಲ್‌ನಲ್ಲಿ ಕುಳಿತೇ ಊರೂರಿನ ಅಂಗಡಿಗಳ ಯಂತ್ರದೊಳಕ್ಕೆ ಹೋಗಬಹುದಾಗಿತ್ತು; ಅಂಗಡಿಯವರಿಗೆ ಸುಳಿವೂ ಸಿಗದಂತೆ ಲೆಕ್ಕ ತಿದ್ದಬಹುದಾಗಿತ್ತು; ಕೊರತೆಯ ಕಾರಣ ತಮಗೆ ಸಿಗದಿದ್ದರೆ ಹಾಗೆಂದು ಮೇಲಕ್ಕೆ ವರದಿ ಹೋಗುತ್ತಿತ್ತು, ತಪ್ಪು ಅಂಗಡಿಯವರದೇ ಎಂದು ಇಟ್ಟುಕೊಳ್ಳಲಾಗುತ್ತಿತ್ತು. ದೂರದಿಂದ ಕೈ ಹಾಕಲು ಸಾಧ್ಯವೇ ಇಲ್ಲ ಎಂದು ಪೋಸ್ಟ್ ಆಫೀಸ್ ಪಾರ್ಲಿಮೆಂಟಿನ ಸದಸ್ಯರಿಗೆ ಕೂಡ ಹೇಳುತ್ತ ಬಂದಿತ್ತು.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. ಸಹಾಯ ವಿಭಾಗದಲ್ಲಿ ಕುಳಿತವನು ಯಂತ್ರದ ರೋಗವನ್ನು ಎಲ್ಲರಿಗಿಂತ ಮೊದಲು ಕಾಣುತ್ತಾನೆ. ಕಂಪನಿ ಅವನಿಂದ ಬಯಸುವುದು ರೋಗದ ಸುದ್ದಿಯನ್ನಲ್ಲ, ದಿನಕ್ಕೆ ಇಂತಿಷ್ಟು ದೂರು ಮುಗಿದುವೆಂಬ ಲೆಕ್ಕವನ್ನು. ನಮ್ಮ ಮಗ್ಗದ ಕೂಲಿಯವನಿಗೆ ಗಜದ ಲೆಕ್ಕ ಹೇಗೋ ಅವನಿಗೆ ದೂರುಗಳ ಲೆಕ್ಕ ಹಾಗೆ. ‘ಸರಿಪಡಿಸಲಾಗಿದೆ’ ಎಂದು ದಾಖಲಾದ ದೂರೆಲ್ಲ ಸರಿಹೋಗಿರುವುದಿಲ್ಲ. ನಮ್ಮ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗರನ್ನು ಚಹಾದಂಗಡಿಯಲ್ಲಿ ಕೂರಿಸಿ ಮಾತನಾಡಿಸಿರಿ. ಯಾವ ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮಾರಾಟದ ಏಜೆಂಟನಿಗಿಂತ ನಿಜವಾಗಿ ಹೇಳುತ್ತಾರೆ. ಕೊಳ್ಳುವಾಗ ನಾವು ಏಜೆಂಟನನ್ನು ಕೇಳುತ್ತೇವೆ, ಕೆಟ್ಟ ಮೇಲೆ ಈ ಹುಡುಗರನ್ನು ಬೈಯುತ್ತೇವೆ.

ಇನ್ನು ಶಿಕ್ಷೆಯ ವಿಚಾರ. ಅಲ್ಲಿ ಪೋಸ್ಟ್ ಆಫೀಸ್ ಪೊಲೀಸರ ಹಂಗಿಲ್ಲದೆ ತಾನೇ ತನಿಖೆ ಮಾಡಿ, ತಾನೇ ಮೊಕದ್ದಮೆ ಹೂಡುತ್ತಿತ್ತು. 1999ರಿಂದ 2015ರವರೆಗೆ ಹೀಗೆ ಸುಮಾರು 700 ಮಂದಿ ಅಪರಾಧಿಗಳಾದರು. ಬೇರೆಯವರು ಹೂಡಿದ ಮೊಕದ್ದಮೆಗಳನ್ನೂ ಸೇರಿಸಿದರೆ 900ಕ್ಕೂ ಹೆಚ್ಚು. ಭಾರತ ಮೂಲದ ಸೀಮಾ ಮಿಶ್ರಾ ಎಂಬವರಿಗೆ 2010ರ ನವೆಂಬರಿನಲ್ಲಿ 15 ತಿಂಗಳ ಸಜೆಯಾಯಿತು. ಆಗ ಅವರು ಗರ್ಭಿಣಿ. ಅವರು ಮಾಡದ ಕಳ್ಳತನಕ್ಕೆ ಸಾಕ್ಷಿ ಯಂತ್ರದ ಅಂಕಿಗಳು, ಆ ಅಂಕಿಗಳನ್ನು ನಂಬಬಹುದೆಂದು ಹೇಳಿದವರು ಯಂತ್ರ ಮಾಡಿದ ಕಂಪನಿಯ ಎಂಜಿನಿಯರು!

ಕೋರ್ಟು ನಂಬಿದ್ದಾದರೂ ಹೇಗೆ? ಕಂಪ್ಯೂಟರ್ ಸರಿಯಾಗಿ ನಡೆಯುತ್ತಿತ್ತೆಂದು ಅದರ ದಾಖಲೆ ತರುವವರು ಮೊದಲು ತೋರಿಸಬೇಕೆಂಬ ಕಲಮು 1984ರ ಕಾಯಿದೆಯಲ್ಲಿ ಇತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಹೊರೈಜನ್ ಕೌಂಟರಿಗೆ ಬಂದದ್ದೂ ಅದೇ ವರ್ಷ. ಯಂತ್ರ ಕೆಟ್ಟಿತ್ತೆಂದು ತೋರಿಸುವ ಹೊರೆ ಅಂಗಡಿಯವರ ಮೇಲೆ ಬಿತ್ತು. ತೋರಿಸಲು ಬೇಕಾದ ಕಾಗದವೆಲ್ಲ ಕಂಪನಿಯ ಬೀರುವಿನಲ್ಲಿ.

ಕಡೆಗೆ, ವೇಲ್ಸಿನಲ್ಲಿ ಅಂಚೆ ಕಛೇರಿ ನಡೆಸಿ 2003ರಲ್ಲಿ ಅದನ್ನು ಕಳೆದುಕೊಂಡಿದ್ದ ಆಲನ್ ಬೇಟ್ಸ್ ಅವರು ನೊಂದವರನ್ನು ಕೂಡಿಸಿದರು. ‘ನಿಮಗೊಬ್ಬರಿಗೇ’ ಎಂಬ ಸುಳ್ಳು ಅಲ್ಲಿಗೆ ಮುರಿಯಿತು. 555 ಮಂದಿ ಒಟ್ಟಾಗಿ ದಾವೆ ಹೂಡಿದರು. 2019ರ ಡಿಸೆಂಬರಿನಲ್ಲಿ 5.775 ಕೋಟಿ ಪೌಂಡಿಗೆ ರಾಜಿಯಾಯಿತು. ವಕೀಲರಿಗೆ, ದಾವೆಗೆ ಬಂಡವಾಳ ಹಾಕಿದವರಿಗೆ ಹೋಗಿ ಉಳಿದದ್ದು ತಲೆಗೆ ಸುಮಾರು 20,000. ಆದರೆ ಯಂತ್ರ ನಂಬಿಕೆಗೆ ಅರ್ಹವಾಗಿರಲಿಲ್ಲ ಎಂಬ ತೀರ್ಪು ಸಿಕ್ಕಿತು. 2021ರ ಏಪ್ರಿಲಿನಲ್ಲಿ ಹ್ಯಾಮಿಲ್ಟನ್, ಮಿಶ್ರಾ ಸೇರಿ 39 ಮಂದಿಯ ಶಿಕ್ಷೆ ರದ್ದಾಯಿತು. 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿ ಉಳಿದ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ತೊಡೆದುಹಾಕಿತು. ಈ ಸಂಕಟದಿಂದ ಕನಿಷ್ಠ 13 ಮಂದಿ ಪ್ರಾಣ ಕಳೆದುಕೊಂಡಿರಬಹುದೆಂದು ವಿಚಾರಣಾ ಆಯೋಗದ 2025ರ ಜುಲೈ ವರದಿ ಹೇಳಿತು. ಅವರಿಗೆ ಯಾವ ಕಾಯಿದೆ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಕಾಗದದ ಮಟ್ಟಿಗೆ ಮೇಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಕಂಪ್ಯೂಟರಿನ ದಾಖಲೆ ತರುವವರು ಅದರ ಜೊತೆಗೆ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ತಜ್ಞರ ರುಜುವೂ ಬೇಕು. ಒಳ್ಳೆಯದೇ. ಆದರೆ ಅಚ್ಚಾದ ನಮೂನೆಗೆ ರುಜು ಹಾಕುವವರು ಯಂತ್ರದ ಒಳಗನ್ನು ನಿಜವಾಗಿ ನೋಡಿದರೇ ಎಂದು ಕೇಳುವ ಶಕ್ತಿ ಸಣ್ಣ ವ್ಯಾಪಾರಿಗೆ ಎಲ್ಲಿಂದ ಬರಬೇಕು? ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಅರ್ಧ ಜನ ಹಣ ಕಟ್ಟಿ ಕೈತೊಳೆದುಕೊಳ್ಳುತ್ತಾರೆ.

ಆದುದರಿಂದ ಎಚ್ಚರ ಇಲ್ಲೇ, ಅಂಗಡಿಯಲ್ಲೇ ಬೇಕು. ಸಾಫ್ಟ್‌ವೇರ್ ಕೊಳ್ಳುವಾಗ ಬೆಲೆ ಕೇಳುವುದರ ಜೊತೆಗೆ, ನನ್ನ ಲೆಕ್ಕದೊಳಕ್ಕೆ ದೂರದಿಂದ ಯಾರು ಬರಬಹುದು, ಬಂದವರು ಮಾಡಿದ್ದು ನನಗೆ ಕಾಣುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸಹಾಯದವರು ದೂರದಿಂದ ನಿಮ್ಮ ಪರದೆ ಹಿಡಿದಾಗ ಎದ್ದು ಹೋಗಬೇಡಿರಿ. ತಾರೀಖು, ಗಂಟೆ, ದೂರಿನ ನಂಬರು, ಮಾತನಾಡಿದವರ ಹೆಸರು ಒಂದು ನೋಟುಬುಕ್ಕಿನಲ್ಲಿರಲಿ. ದಿನದ ಲೆಕ್ಕದ ಒಂದು ಪ್ರತಿ ಕಂಪನಿಯ ಕೈಗೆ ಸಿಗದಂತೆ ನಿಮ್ಮಲ್ಲಿರಲಿ. ಪೇಟೆಯಲ್ಲಿ ಒಂದೇ ಸಾಫ್ಟ್‌ವೇರ್ ಇಟ್ಟುಕೊಂಡಿರುವ ಅಂಗಡಿಯವರು ತಿಂಗಳಿಗೊಮ್ಮೆ ಸೇರಿ ತಮ್ಮ ತಮ್ಮ ತೊಂದರೆಗಳನ್ನು ಹೋಲಿಸಿ ನೋಡಿದರೆ ಖರ್ಚೇನೂ ಇಲ್ಲ. ಗಿರಣಿಯ ಸ್ನೇಹಿತರು ಹಾಜರಿ ಯಂತ್ರದ ತಿಂಗಳ ಪಟ್ಟಿಯನ್ನು ಸಂಬಳಕ್ಕೆ ಮೊದಲೇ ನೋಟೀಸ್ ಬೋರ್ಡಿಗೆ ಹಾಕಬೇಕೆಂದೂ, ಅದನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂಬುದನ್ನು ಹೆಸರು ಸಹಿತ ತಿಳಿಸಬೇಕೆಂದೂ ಮ್ಯಾನೇಜರಿಗೆ ಅರ್ಜಿ ಕೊಡಬಹುದು.