ಸೊಲೆನಾಯ್ಡ್ ಬಿಚ್ಚೋ ಮೊದಲು ಡಿಪ್‌ಸ್ಟಿಕ್ ಎತ್ತಿ ನೋಡಿ

ನಮ್ಮ ಕ್ಯಾಂಪಸ್ಸಿನಲ್ಲಿ ಕಾರ್ ಹುಚ್ಚು ಇರೋರಿಗೆ ಕಮ್ಮಿ ಇಲ್ಲ. ಪಾರ್ಕಿಂಗಿನಲ್ಲಿ ಯಾರಾದ್ರೂ ಬಾನೆಟ್ ಎತ್ತಿದ್ರೆ ಸಾಕು, ಐದು ನಿಮಿಷದಲ್ಲಿ ಹತ್ತು ಜನ ಸೇರ್ತಾರೆ. ಹತ್ತು ಜನಕ್ಕೂ ಒಂದೊಂದು ಉತ್ತರ ರೆಡಿ ಇರುತ್ತೆ. "ಸೊಲೆನಾಯ್ಡ್ ಹೋಗಿದೆ ಮಚ್ಚಾ." "ಇಲ್ಲ ಮಗಾ, ಪಕ್ಕಾ ಇಸಿಯು." ಆದರೆ ಒಬ್ಬರ ಕೈಯಲ್ಲೂ ಮಲ್ಟಿಮೀಟರ್ ಇರಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಮಾಡಿಫೈ ಮಾಡಿದ ಎಂಜಿನ್ನಿನಲ್ಲಿ ವಾಲ್ವ್ ಟೈಮಿಂಗ್ ಕೈಕೊಟ್ಟಾಗ ನಾವು ಮಾಡ್ತಿರೋದು ರಿಪೇರಿ ಅಲ್ಲ, ಜೂಜು. ಒಂದು ಪಾರ್ಟ್ ತರೋದು, ಹಾಕೋದು, ಸರಿ ಹೋಗಲಿಲ್ಲ ಅಂದ್ರೆ ಇನ್ನೊಂದು ತರೋದು. ಇದನ್ನ ಯಾರು ಬೇಕಾದ್ರೂ ಮಾಡಬಹುದು, ಎಂಜಿನಿಯರಿಂಗ್ ಓದೋ ಅವಶ್ಯಕತೆ ಇಲ್ಲ. ಓದಿದವರು ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಪಾರ್ಟ್ ಹೋಗಿದೆ?" ಅಂತ ಅಲ್ಲ, "ನಾವು ಏನು ಬದಲಾಯಿಸಿದ್ವಿ?" ಅಂತ.

ಇಸಿ, ಸಿಎಸ್ ಬ್ರಾಂಚಿನ ಗೆಳೆಯರಿಗಾಗಿ ಎರಡು ಮಾತು. ಎಂಜಿನ್ ಉಸಿರಾಡೋದು ವಾಲ್ವ್‌ಗಳಿಂದ. ವಾಲ್ವ್ ಯಾವಾಗ ತೆರೀಬೇಕು, ಎಷ್ಟು ತೆರೀಬೇಕು ಅನ್ನೋದನ್ನ ಕ್ಯಾಮ್‌ಶಾಫ್ಟ್ ನಿರ್ಧಾರ ಮಾಡುತ್ತೆ. ತೊಂದರೆ ಏನಂದ್ರೆ, ಟ್ರಾಫಿಕ್ಕಿನಲ್ಲಿ 1500 ಆರ್‌ಪಿಎಂಗೆ ಒಗ್ಗೋ ಕ್ಯಾಮ್ 6500ಕ್ಕೆ ಒಗ್ಗಲ್ಲ. ಅದಕ್ಕೆ ಎರಡು ದಾರಿ ಕಂಡುಹಿಡಿದರು. ಒಂದು ಹೋಂಡಾದ ವಿ-ಟೆಕ್ ದಾರಿ: ಒಂದೇ ಶಾಫ್ಟ್ ಮೇಲೆ ಎರಡು ಥರದ ಕ್ಯಾಮ್ ಇಟ್ಟು, ಹೈ ಆರ್‌ಪಿಎಂನಲ್ಲಿ ರಾಕರ್ ಆರ್ಮ್‌ಗಳನ್ನ ಪಿನ್ನಿನಿಂದ ಲಾಕ್ ಮಾಡಿ ದೊಡ್ಡ ಕ್ಯಾಮಿಗೆ ಬದಲಾಗೋದು. ಇನ್ನೊಂದು ಕ್ಯಾಮ್ ಫೇಸರ್: ಕ್ಯಾಮ್ ಅದೇ, ಆದರೆ ಕ್ರ್ಯಾಂಕಿಗೆ ಹೋಲಿಸಿದರೆ ಅದನ್ನ ಕೆಲವು ಡಿಗ್ರಿ ಹಿಂದೆ ಮುಂದೆ ತಿರುಗಿಸೋದು. ನಮ್ಮ ಮಾರುತಿ ಸ್ವಿಫ್ಟಿನ ಪೆಟ್ರೋಲ್ ಎಂಜಿನ್ನಿನಲ್ಲಿ ವಿವಿಟಿ ಅಂತ ಬರೋದು ಈ ಎರಡನೇದು.

ವಿ-ಟೆಕ್ 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಬಂದಾಗ 1.6 ಲೀಟರ್ ಎಂಜಿನ್ನಿನಿಂದ 160 ಪಿಎಸ್ ತೆಗೆದರು. ಲೀಟರಿಗೆ 100, ಅದೂ ಟರ್ಬೋ ಇಲ್ಲದೆ. ನಮ್ಮ ದೇಶದ ಹಳೆ ಸಿಟಿ 1.5 ವಿ-ಟೆಕ್‌ಗೆ ಈಗಲೂ ಅಷ್ಟು ಅಭಿಮಾನಿಗಳು ಇರೋದಕ್ಕೂ ಇದೇ ಕಾರಣ.

ಈಗ ವಿಷಯಕ್ಕೆ ಬರೋಣ. ಈ ಎರಡೂ ದಾರಿಗಳಲ್ಲಿ ನಿಜವಾದ ಕೆಲಸ ಮಾಡೋದು ಯಾರು? ಎಂಜಿನ್ ಆಯಿಲ್. ಸೊಲೆನಾಯ್ಡ್ ಬರೀ ಬಾಗಿಲು ತೆಗೆಯೋ ವಾಚ್‌ಮನ್. ಪಿನ್ ತಳ್ಳೋದು, ಫೇಸರ್ ತಿರುಗಿಸೋದು ಎಲ್ಲ ಆಯಿಲ್ ಪ್ರೆಷರ್. ಅಂದ್ರೆ ಆಯಿಲ್ ಕಮ್ಮಿ ಇದ್ರೆ, ಕೊಳೆ ಇದ್ರೆ, ತಪ್ಪು ಗ್ರೇಡ್ ಇದ್ರೆ, ಉಳಿದ ಎಲ್ಲಾ ಪಾರ್ಟ್ ಹೊಸದಾಗಿದ್ರೂ ಟೈಮಿಂಗ್ ಬದಲಾಗಲ್ಲ. ಹೀಗಿದ್ರೂ ಡಿಪ್‌ಸ್ಟಿಕ್ ಎತ್ತಿ ನೋಡೋದು ನಮಗೆ ಅವಮಾನ ಅನಿಸುತ್ತೆ, ಇಸಿಯು ಬಗ್ಗೆ ಮಾತಾಡೋದು ಗತ್ತು ಅನಿಸುತ್ತೆ.

ಮಾಡಿಫೈ ಮಾಡೋರಲ್ಲಿ ಒಂದು ನಂಬಿಕೆ ಇದೆ: "ಗಟ್ಟಿ ಆಯಿಲ್ ಹಾಕು, ಎಂಜಿನ್ ಸೇಫ್." 20ಡಬ್ಲ್ಯು-50 ತಂದು ಸುರೀತಾರೆ. ಹಳೆ ಬುಲೆಟ್ಟಿಗೆ ಅದು ಸರಿ ಇರಬಹುದು. ಆದರೆ ತೆಳು ಆಯಿಲ್ಲಿಗೆ ಅಂತಲೇ ಸಣ್ಣ ದಾರಿಗಳನ್ನ ಕೊರೆದಿರೋ ಫೇಸರ್‌ನಲ್ಲಿ, ಅದರಲ್ಲೂ ಬೆಳಗ್ಗೆ ತಣ್ಣಗಿರುವಾಗ, ಆ ಗಟ್ಟಿ ಆಯಿಲ್ ಹೋಗಿ ಸೇರೋದೇ ನಿಧಾನ. ಇಸಿಯು "ಹತ್ತು ಡಿಗ್ರಿ ಮುಂದೆ ಹೋಗು" ಅಂತ ಹೇಳುತ್ತೆ, ಕ್ಯಾಮ್ ಹೋಗಲ್ಲ, ಲೈಟ್ ಹತ್ತುತ್ತೆ. ನಾವು ಹೋಗಿ ಫೇಸರ್ ಬದಲಾಯಿಸ್ತೀವಿ.

ಎರಡನೇ ಕಳ್ಳ ಸಿಲಿಕಾನ್ ಪೇಸ್ಟ್. ಎಂಜಿನ್ ಬಿಚ್ಚಿ ಕೂಡಿಸುವಾಗ ಲೀಕ್ ಆಗಬಾರದು ಅಂತ ಅಂಚಿನ ತುಂಬ ಬಳೀತೀವಿ. ಹೊರಗೆ ಉಕ್ಕಿದ್ದನ್ನ ಒರೆಸ್ತೀವಿ. ಅಷ್ಟೇ ಒಳಗೂ ಉಕ್ಕಿರುತ್ತೆ, ಅದನ್ನ ಯಾರು ಒರೆಸ್ತಾರೆ? ಆ ಚೂರುಗಳು ಆಯಿಲ್ ಜೊತೆ ತಿರುಗಿ ಆಯಿಲ್ ಪಂಪಿನ ಜಾಲರಿಗೂ, ಪಿಡಿಚೆ ತಪ್ಪಿದ್ರೆ ವಿ-ಟೆಕ್ ಸೊಲೆನಾಯ್ಡಿನ ಕೆಳಗಿರೋ ಚಿಕ್ಕ ಜಾಲರಿಗೂ ಹೋಗಿ ಕೂರುತ್ತವೆ. ಜಾಲರಿ ಕ್ಲೀನ್ ಮಾಡೋಕೆ ಕೆಲವೇ ಬೋಲ್ಟ್ ಬಿಚ್ಚಿದರೆ ಸಾಕು. ಹೊಸ ಸೊಲೆನಾಯ್ಡ್ ಹಾಕಿ ಅದೇ ಕಟ್ಟಿದ ಜಾಲರಿ ಮೇಲೆ ಕೂರಿಸಿದರೆ ದುಡ್ಡು ಹೋಯ್ತು, ಫಾಲ್ಟ್ ಉಳೀತು.

ಮೂರನೇದು ಸ್ವಲ್ಪ ಸೂಕ್ಷ್ಮ. ಕಂಪ್ರೆಷನ್ ಏರಿಸೋಕೆ ಅಂತ ಹೆಡ್ ಫೇಸಿಂಗ್ ಮಾಡಿಸ್ತೀವಿ. ಲೇತಿನವರು ಹೆಡ್ಡಿನ ತಳವನ್ನ ಸವರಿ ಕೊಡ್ತಾರೆ. ಹೆಡ್ ತೆಳ್ಳಗಾದಷ್ಟೂ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿಗೆ ಹತ್ತಿರ ಬರುತ್ತೆ. ಬೆಲ್ಟಿನ ಉದ್ದ ಮಾತ್ರ ಅಷ್ಟೇ ಇದೆ. ಉಳಿದ ಸಡಿಲವನ್ನ ಟೆನ್ಷನರ್ ಎಳೆದುಕೊಳ್ಳುತ್ತೆ, ಕ್ಯಾಮ್ ಇದ್ದ ಜಾಗಕ್ಕಿಂತ ಸ್ವಲ್ಪ ಹಿಂದೆ ನಿಲ್ಲುತ್ತೆ. ಮಾರ್ಕ್ ನೋಡಿದರೆ ಸರಿ ಇದ್ದ ಹಾಗೇ ಕಾಣುತ್ತೆ, ಯಾಕಂದ್ರೆ ಅರ್ಧ ಹಲ್ಲಿನ ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ಇಲ್ಲಿ ಯಾವ ಪಾರ್ಟೂ ಹಾಳಾಗಿಲ್ಲ! ಹಾಳಾಗದೇ ಇರೋದನ್ನ ಎಷ್ಟು ಸಲ ಬದಲಾಯಿಸಿದರೂ ಅದು ಸರಿ ಹೋಗುತ್ತಾ? ಅಡ್ಜಸ್ಟಬಲ್ ಕ್ಯಾಮ್ ಗೇರ್ ಅನ್ನೋದು ಇರೋದೇ ಇದಕ್ಕೆ, ಕೆಂಪು ಬಣ್ಣದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಅಲ್ಲ.

ಫ್ಯಾಕ್ಟರಿಯ ಸರ್ವಿಸ್ ಮ್ಯಾನ್ಯುವಲ್ ಬರೆದವರು ಈ ಮೂರನ್ನೂ ಯೋಚಿಸಿರಲ್ಲ. ಅವರ ಲೆಕ್ಕದಲ್ಲಿ ಕಾರು ಅವರು ಕೊಟ್ಟ ಹಾಗೇ ಇದೆ, ಅದರಲ್ಲಿ ಏನೋ ಒಂದು ಸವೆದಿದೆ. ಮಾಡಿಫೈ ಆದ ಕಾರಿನಲ್ಲಿ ಆ ಲೆಕ್ಕ ನಡೆಯಲ್ಲ. ಅಲ್ಲಿ ಮೊದಲ ಅನುಮಾನ ನಮ್ಮ ಕೈಕೆಲಸದ ಮೇಲೇ ಬರಬೇಕು.

ನಮ್ಮ ಸೀನಿಯರ್ ಒಬ್ಬರ ಕಥೆ ಇದಕ್ಕೆ ಒಳ್ಳೆ ಉದಾಹರಣೆ, ಅವರ ಪರ್ಮಿಷನ್ ತಗೊಂಡೇ ಬರೀತಿದ್ದೀನಿ. ಹಳೆ ಹೋಂಡಾ ಒಂದಕ್ಕೆ ವಿ-ಟೆಕ್ ಎಂಜಿನ್, ಗೇರ್‌ಬಾಕ್ಸ್ ಕೂರಿಸಿದರು. ಗಾಡಿ ಓಡ್ತಿತ್ತು, ಆದರೆ ಎಷ್ಟು ಎಳೆದರೂ ವಿ-ಟೆಕ್ ಎಂಗೇಜ್ ಆಗ್ತಿರಲಿಲ್ಲ. ಗ್ಯಾರೇಜಿನವರು ಶಿವಾಜಿನಗರದ ಗುಜರಿಯಿಂದ ಸೊಲೆನಾಯ್ಡ್ ತರಿಸಿದರು. ಆಗಲಿಲ್ಲ. ಆಮೇಲೆ ಪ್ರೆಷರ್ ಸ್ವಿಚ್. ಆಮೇಲೆ ಸೆಕೆಂಡ್ ಹ್ಯಾಂಡ್ ಇಸಿಯು. ಕೊನೆಗೆ "ಕ್ಯಾಮ್ ಸವೆದಿದೆ, ಹೆಡ್ ಇಳಿಸಬೇಕು" ಅನ್ನೋವರೆಗೂ ಬಂತು. ಅಷ್ಟರಲ್ಲಿ ಇಂಟರ್ನ್‌ಶಿಪ್ಪಿನಲ್ಲಿ ಕೂಡಿಟ್ಟ ದುಡ್ಡು ಪೂರ್ತಿ ಖಾಲಿ.

ಕೊನೆಗೆ ಅವರ ಊರಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರು ನೋಡಿದರು. ಪಾನಾ ಮುಟ್ಟೋ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: "ಏನೇನ್ ಚೇಂಜ್ ಮಾಡಿದೀಯಪ್ಪಾ, ಒಂದೊಂದಾಗಿ ಹೇಳು." ಪಟ್ಟಿಯಲ್ಲಿ ಕೊನೆಗೆ ಬಂದದ್ದು ಹೊಸ ಡಿಜಿಟಲ್ ಮೀಟರ್. ಅದು ಜಿಪಿಎಸ್‌ನಿಂದ ಸ್ಪೀಡ್ ತೋರಿಸೋ ಮೀಟರ್. ಹಾಗಾಗಿ ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರ್ ವೈರ್ ಯಾವುದಕ್ಕೂ ಕನೆಕ್ಟ್ ಆಗದೇ ಇದ್ದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಹಳೆ ಮೀಟರ್ ಜೊತೆ ಚೆಕ್ ಎಂಜಿನ್ ಲೈಟೂ ಹೋಗಿತ್ತು. ಲೈಟ್ ಹತ್ತಿಲ್ಲ, ಹಾಗಾಗಿ ಕೋಡ್ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಹತ್ತೋಕೆ ಲೈಟೇ ಇರಲಿಲ್ಲ! ಒಂದು ಬಲ್ಬ್ ಕನೆಕ್ಟ್ ಮಾಡಿ ಸರ್ವಿಸ್ ಕನೆಕ್ಟರ್ ಶಾರ್ಟ್ ಮಾಡಿದಾಗ ಅದು ಮಿನುಗಿ ಕೊಟ್ಟ ನಂಬರ್ 17. ಆ ಕಾಲದ ಹೋಂಡಾಗಳಲ್ಲಿ 17 ಅಂದ್ರೆ ಸ್ಪೀಡ್ ಸೆನ್ಸರ್. ಸೊಲೆನಾಯ್ಡಿಗೆ 21, ಪ್ರೆಷರ್ ಸ್ವಿಚ್ಚಿಗೆ 22. ಆ ಎರಡೂ ಬರಲೇ ಇಲ್ಲ.

ಇಸಿಯು ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು. ಕೂಲಂಟ್ ಬಿಸಿಯಾಗಿರಬೇಕು, ಆರ್‌ಪಿಎಂ ಏರಿರಬೇಕು, ಲೋಡ್ ಇರಬೇಕು, ಗಾಡಿ ಚಲಿಸ್ತಿರಬೇಕು, ಇವೆಲ್ಲ ಸೇರಿದ ಮೇಲೆ ತಾನೇ ಅದು ವಿ-ಟೆಕ್ ತೆರೆಯೋದು. ಅದರ ಪಾಲಿಗೆ ಗಾಡಿ ನಿಂತಲ್ಲೇ ನಿಂತಿತ್ತು. ಒಂದು ವೈರಿಗಾಗಿ ಹೆಡ್ ಇಳಿಸೋರಿದ್ದರು ಅಂದ್ರೆ ಯೋಚನೆ ಮಾಡಿ.

ಹಾಗಾದ್ರೆ ಕೋಡ್ ಓದಿದರೆ ಮುಗೀತಾ? ಅದೂ ಇಲ್ಲ. ಹೊಸ ಕಾರುಗಳಲ್ಲಿ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ಪಿ0011 ಅಂತ ನೋಡಿದ ತಕ್ಷಣ ಪಾರ್ಟ್ ಆರ್ಡರ್ ಮಾಡೋರಿದ್ದಾರೆ. ಆ ಕೋಡ್ ಹೇಳೋದು ಇಷ್ಟೇ: ಇನ್‌ಟೇಕ್ ಕ್ಯಾಮ್ ನಾನು ಹೇಳಿದ್ದಕ್ಕಿಂತ ಮುಂದೆ ಇದೆ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಬರೆಯೋ ಕ್ಲೋಸ್ಡ್ ಲೂಪ್ ಚಿತ್ರ ನೆನಪಿಸಿಕೊಳ್ಳಿ. ಎರರ್ ಇದೆ ಅಂತ ಕಂಟ್ರೋಲರಿಗೆ ಗೊತ್ತಾಗುತ್ತೆ, ಲೂಪಿನ ಯಾವ ಡಬ್ಬಿಯಿಂದ ಬಂತು ಅಂತ ಗೊತ್ತಾಗಲ್ಲ. ಪಿ0010 ಬಂದ್ರೆ ವೈರಿಂಗ್, ಸೊಲೆನಾಯ್ಡ್ ಕಾಯಿಲ್ ಕಡೆ ನೋಡಿ, ಅದು ಕರೆಂಟಿನ ದೂರು. ಪಿ0011 ಸ್ಥಾನದ ದೂರು, ಆಯಿಲ್ಲಿನಿಂದ ಶುರು ಮಾಡಿ. ಪಿ0016 ಬಂದ್ರೆ ಕ್ರ್ಯಾಂಕ್ ಸೆನ್ಸರಿಗೂ ಕ್ಯಾಮ್ ಸೆನ್ಸರಿಗೂ ತಾಳೆ ಆಗ್ತಿಲ್ಲ ಅಂತ. ಚೈನ್ ಉದ್ದ ಆಗಿರಬಹುದು, ಹಲ್ಲು ಹಾರಿರಬಹುದು, ಹೆಡ್ ಫೇಸಿಂಗ್ ನೆನಪಾಗಬೇಕಾದದ್ದೂ ಆಗಲೇ. ಮೂರೂ ಬೇರೆ ಬೇರೆ ದಾರಿ. ಮೂರಕ್ಕೂ ಒಂದೇ ಮದ್ದು ಕೊಡೋದು ಡಾಕ್ಟರ್ ಕೆಲಸ ಅಲ್ಲ.

ನನ್ನ ಪ್ರಕಾರ ಕ್ರಮ ಹೀಗಿರಬೇಕು. ಮೊದಲು ದುಡ್ಡು ಖರ್ಚಾಗದ ಪರೀಕ್ಷೆ, ಆಮೇಲೆ ಬೋಲ್ಟ್ ಬಿಚ್ಚೋ ಪರೀಕ್ಷೆ, ಕೊನೆಗೆ ಎಂಜಿನ್ ತೆರೆಯೋ ಪರೀಕ್ಷೆ. ಆಯಿಲ್ ಲೆವೆಲ್, ಗ್ರೇಡ್, ಬಣ್ಣ. ಕೋಡ್. ಇಸಿಯುಗೆ ಟೆಂಪರೇಚರ್, ಸ್ಪೀಡ್ ನಿಜವಾಗಿ ತಲುಪ್ತಿದೆಯಾ ಅಂತ ಲೈವ್ ಡೇಟಾ. ನಂತರ ಸೊಲೆನಾಯ್ಡ್ ರೆಸಿಸ್ಟೆನ್ಸ್. ಹೋಂಡಾ ವಿ-ಟೆಕ್‌ಗೆ ಸಾಮಾನ್ಯವಾಗಿ 14ರಿಂದ 30 ಓಮ್ ಒಳಗೆ ಇರಬೇಕು. ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟರೆ "ಟಕ್" ಅಂತ ಸದ್ದು ಬರಬೇಕು. ಸದ್ದು ಬಂತು ಅಂದ್ರೆ ಸೊಲೆನಾಯ್ಡ್ ಬದುಕಿದೆ, ಅದನ್ನ ಬಿಟ್ಟು ಮುಂದೆ ಹೋಗಿ. ಅರ್ತ್ ವೈರ್ ನೋಡಿ, ಎಂಜಿನ್ ಬದಲಾಯಿಸಿದ ಗಾಡಿಗಳಲ್ಲಿ ಇದನ್ನ ಮರೆಯೋದು ಮಾಮೂಲು. ಜಾಲರಿ ತೆಗೆದು ನೋಡಿ. ಗೇಜ್ ಹಾಕಿ ಆಯಿಲ್ ಪ್ರೆಷರ್ ಅಳೆಯಿರಿ. ಇಷ್ಟೂ ಸರಿ ಇದ್ರೆ ಮಾತ್ರ ವಾಲ್ವ್ ಕವರ್ ಬಿಚ್ಚಿ ರಾಕರ್‌ಗಳನ್ನ ಬೆರಳಿನಿಂದ ಒತ್ತಿ ನೋಡೋ ಹಂತ.

ಇದಕ್ಕೆ ಬರೋ ವಾದ ನನಗೆ ಗೊತ್ತು. "ಇಷ್ಟೆಲ್ಲ ಟೈಮ್ ಯಾರಿಗಿದೆ? ಪಾರ್ಟ್ ಬದಲಾಯಿಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ." ಇದರಲ್ಲಿ ಅರ್ಧ ಸತ್ಯ ಇದೆ. ಸರಿಯಾಗಿ ಓಡ್ತಿರೋ ಇನ್ನೊಂದು ಗಾಡಿಯಿಂದ ಪಾರ್ಟ್ ತೆಗೆದು ಹಾಕಿ ನೋಡೋದು ಒಳ್ಳೆ ಪರೀಕ್ಷೆಯೇ. ಆದರೆ ಗುಜರಿಯಿಂದ ತಂದದ್ದು ಸರಿ ಇದೆ ಅಂತ ಹೇಳೋದು ಯಾರು? ಗೊತ್ತಿಲ್ಲದ ಒಂದನ್ನ ತೆಗೆದು ಗೊತ್ತಿಲ್ಲದ ಇನ್ನೊಂದನ್ನ ಹಾಕಿದರೆ ಸಿಗೋ ಉತ್ತರವೂ ಗೊತ್ತಿಲ್ಲದ್ದೇ. ಒಂದೇ ದಿನ ಮೂರು ಪಾರ್ಟ್ ಬದಲಾಯಿಸಿ ಗಾಡಿ ಸರಿ ಹೋದ್ರೂ, ಯಾವುದರಿಂದ ಸರಿ ಹೋಯ್ತು ಅಂತ ಹೇಳೋಕೆ ಆಗಲ್ಲ.

ಇನ್ನೊಂದು ಶಾರ್ಟ್‌ಕಟ್ ಬಗ್ಗೆ ಎಚ್ಚರಿಕೆ ಕೊಡಲೇಬೇಕು. ವಿ-ಟೆಕ್ ಬರ್ತಿಲ್ಲ ಅಂತ ಸೊಲೆನಾಯ್ಡಿಗೆ ಸ್ವಿಚ್ ಹಾಕಿ ಕೈಯಿಂದ ಆನ್ ಮಾಡೋ ಐಡಿಯಾ. ಕ್ಯಾಮ್ ಬದಲಾಯ್ತು ಅಂತ ಇಸಿಯುಗೆ ಗೊತ್ತಿರಲ್ಲ, ಅದು ಚಿಕ್ಕ ಕ್ಯಾಮಿನ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದ್ರೆ ನಾಕಿಂಗ್ ಶುರುವಾಗಿ ಪಿಸ್ಟನ್ನಿಗೇ ಕುತ್ತು. ಪರೀಕ್ಷೆಗೆ ಒಂದು ಕ್ಷಣ 12 ವೋಲ್ಟ್ ಕೊಡೋದು ಬೇರೆ, ಅದನ್ನೇ ಪರ್ಮನೆಂಟ್ ಮಾಡಿ ರೋಡಿಗೆ ಇಳಿಯೋದು ಬೇರೆ. ಅಂದಹಾಗೆ ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಎಂಜಿನ್ ಹಾಕೋದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ನಿಯಮಗಳಿವೆ. ಪೇಪರ್ ಸರಿ ಇಲ್ಲದ ಗಾಡಿ ಟ್ರ್ಯಾಕಿನಲ್ಲಿ ಓಡಲಿ, ರಿಂಗ್ ರೋಡಿನಲ್ಲಿ ಬೇಡ.

ಕೊನೆಯದಾಗಿ ನಮ್ಮ ಡಿಪಾರ್ಟ್‌ಮೆಂಟಿಗೆ ಒಂದು ಕೋರಿಕೆ. ಲ್ಯಾಬಿನಲ್ಲಿ ಅರ್ಧ ಕೊಯ್ದು ಬಣ್ಣ ಬಳಿದ ಎಂಜಿನ್ ಇದೆ, ಅದನ್ನ ನೋಡಿ ಚಿತ್ರ ಬರೆದರೆ ಮಾರ್ಕ್ಸ್ ಬರುತ್ತೆ. ಅದರ ಪಕ್ಕದಲ್ಲಿ ಓಡೋ ಎಂಜಿನ್ ಒಂದನ್ನ ಇಡಿ. ಲ್ಯಾಬ್ ಅಸಿಸ್ಟೆಂಟ್ ಸರ್ ಬೇಕಂತಲೇ ಒಂದು ಫಾಲ್ಟ್ ಮಾಡಿಡಲಿ: ಒಂದು ವೈರ್ ಕಿತ್ತು, ಇಲ್ಲ ಒಂದು ಜಾಲರಿ ಕಟ್ಟಿಸಿ. ನಮಗೆ ಮೀಟರ್, ಗೇಜ್, ಒಂದು ಬಿಳಿ ಹಾಳೆ ಕೊಡಿ, ಹೊಸ ಪಾರ್ಟ್ ಮಾತ್ರ ಕೊಡಬೇಡಿ. ಹಾಳೆಯಲ್ಲಿ ಏನು ಅಳೆದ್ವಿ, ಏನು ಬಂತು, ಅದರಿಂದ ಯಾವುದನ್ನ ಕೈಬಿಟ್ವಿ ಅಂತ ಬರೀಬೇಕು. ಉತ್ತರ ಸಿಗದಿದ್ರೂ ಆ ಹಾಳೆಗೆ ಮಾರ್ಕ್ಸ್ ಕೊಡಿ. ನಾಳೆ ನಾವು ಕೆಲಸ ಮಾಡೋ ಮಷೀನು ಕಾರೇ ಆಗಿರಬೇಕಿಲ್ಲ, ಅದು ಆಸ್ಪತ್ರೆಯ ವೆಂಟಿಲೇಟರೂ ಇರಬಹುದು. ಅಲ್ಲಿ ಗುಜರಿಯಿಂದ ಪಾರ್ಟ್ ತಂದು ಹಾಕಿ ನೋಡೋಷ್ಟು ಟೈಮ್ ಯಾರೂ ಕೊಡಲ್ಲ.