ರಸ್ತೆಯ ಅಂಚಿನಿಂದ ಶುರು ಮಾಡೋಣ

ಮಕ್ಕಳೇ, ಹೋದ ಭಾನುವಾರ ನನ್ನ ಮೊಮ್ಮಗಳು ಡ್ರಾಯಿಂಗ್ ಹಾಳೆ ಹಿಡಿದು ಜಗಲಿಗೆ ಬಂದಳು. “ಅಜ್ಜಾ, ನಮ್ಮ ತುರುವನೂರಿನ ರಸ್ತೆ ದೊಡ್ಡದಾದರೆ ಹೀಗಿರುತ್ತೆ, ನೋಡು.”

ಹಾಳೆಯ ತುಂಬ ಕರಿ ಟಾರು. ಅದರ ಮೇಲೆ ಬಸ್ಸು, ಲಾರಿ, ಟ್ರ್ಯಾಕ್ಟರು.

“ಚೆನ್ನಾಗಿದೆ ಕಣವ್ವಾ. ಇದರಲ್ಲಿ ನಾನೆಲ್ಲಿ ನಡೀಲಿ? ನೀನೆಲ್ಲಿ ಸೈಕಲ್ ತುಳೀತೀಯಾ?” ಎಂದೆ.

ಅವಳು ಸುಮ್ಮನಾದಳು. ಹೋದ ವರ್ಷ ಲಾರಿಗೆ ದಾರಿ ಬಿಡಲು ಹೋಗಿ ನಾನು ಚರಂಡಿಗೆ ಜಾರಿ ಬಿದ್ದದ್ದು ಅವಳಿಗೆ ಗೊತ್ತು. ಅಂದಿನಿಂದ ಮಗ ಜೊತೆಗಿಲ್ಲದೆ ನಾನು ಪೆನ್ಷನ್ ತರಲೂ ಹೋಗುವುದಿಲ್ಲ.

“ರಬ್ಬರ್ ತಾ, ಅಂಚಿನಿಂದ ಶುರು ಮಾಡೋಣ” ಎಂದೆ.

ಮೊದಲು ನಡೆಯುವವರ ದಾರಿ. ನಮ್ಮ ದೇಶದ ರಸ್ತೆ ಎಂಜಿನಿಯರುಗಳ ನಿಯಮದಂತೆ ಕಾಲುದಾರಿ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲ ಇರಬೇಕು. ಎದುರುಬದುರು ಬಂದ ಇಬ್ಬರು ಟಾರಿಗೆ ಇಳಿಯದೆ ದಾಟಬೇಕಲ್ಲ! ಎತ್ತರ 15 ಸೆಂಟಿಮೀಟರ್ ಮೀರಬಾರದು. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಇದೆಯಲ್ಲ, ಅಷ್ಟೇ. ಅದಕ್ಕಿಂತ ಎತ್ತರವಾದರೆ ಅಜ್ಜಿಯ ಮಂಡಿ ಒಪ್ಪುವುದಿಲ್ಲ.

ಆಮೇಲೆ ಸೈಕಲ್ ದಾರಿ. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಮುಂದೆ ಅವಳ ಚಿಕ್ಕಮ್ಮನಿಗೂ ಒಂದು ಬಂತು. ಸೈಕಲ್ ಬಂತು, ಅದಕ್ಕೊಂದು ದಾರಿ ಬರಲಿಲ್ಲ. ಬಿಳಿ ಗೆರೆ ಎಳೆದರೆ ಸಾಲದು, ಅದರ ಮೇಲೆ ಕಾರು ನಿಲ್ಲುತ್ತದೆ. ನಡುವೆ ಸಣ್ಣ ಕಟ್ಟೆ ಬೇಕು.

“ಚರಂಡಿ ಎಲ್ಲಿ ಅಜ್ಜಾ?”

ಒಳ್ಳೆಯ ಪ್ರಶ್ನೆ! ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯ ರಸ್ತೆಗಳಿವೆ. ಅಲ್ಲಿ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿಗಳಿಗೆಲ್ಲ ನೆಲದಡಿ ಮೊದಲೇ ಜಾಗ ಮಾಡಿ, ಮೇಲೆ ಅಗಲವಾದ ಕಾಲುದಾರಿ ಹಾಸಿದರು. ಇವತ್ತು ಟಾರು ಹಾಕಿ ನಾಳೆ ಅಗೆಯುವ ಗೋಳು ತಪ್ಪಲಿ ಅಂತ.

ಅವಳು ಕಾಲುದಾರಿಗೆಂದು ರಸ್ತೆ ಬದಿಯ ಬೇವಿನ ಮರ ಅಳಿಸಲು ಹೊರಟಳು. ಕೈ ಹಿಡಿದೆ. 1939ರಲ್ಲಿ ನಮ್ಮೂರ ಹಿರಿಯರು ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು, ನಿಜಲಿಂಗಪ್ಪನವರೂ ಇದ್ದರು. ಅಂದು ಹೆಂಡದ ವಿರುದ್ಧ ಮರ ಕಡಿದದ್ದು. ಇಂದು ನೆರಳಿಗಾಗಿ ಮರ ಉಳಿಸಬೇಕು. ಕಾಲುದಾರಿ ಮರವನ್ನು ಬಳಸಿ ಹೋಗಲಿ, ಬಿಸಿಲಲ್ಲಿ ನಡೆಯುವವರಿಗೆ ಅದೇ ಕೊಡೆ.

ಈಗ ಹಾಳೆಯಲ್ಲಿ ಟಾರು ಸಣ್ಣದಾಗಿತ್ತು. ಬಸ್ಸು, ಲಾರಿ ಅಲ್ಲೇ ಇದ್ದವು. ಅಂಚಿನಲ್ಲಿ ಕೋಲು ಹಿಡಿದ ಅಜ್ಜ, ಪಕ್ಕದಲ್ಲಿ ಸೈಕಲ್ ಮೇಲೊಬ್ಬಳು ಹುಡುಗಿ.

“ಇದನ್ನು ಯಾರಿಗೆ ತೋರಿಸೋದು?”

ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಅಲ್ಲಿ ಕೇಳುವವರು ನೀವೇ, ಉತ್ತರ ಕೊಡಬೇಕಾದವರು ದೊಡ್ಡವರು. ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದಾದರೆ ಪಂಚಾಯಿತಿ ನಿಮ್ಮ ಬೇಡಿಕೆಯನ್ನು ಅವರಿಗೆ ಬರೆದು ಕಳಿಸಬಹುದು.

ಈ ವಾರದ ಕೆಲಸ: ಅಜ್ಜನನ್ನೋ ಅಜ್ಜಿಯನ್ನೋ ಕೈ ಹಿಡಿದು ಶಾಲೆಯ ದಾರಿಯಲ್ಲಿ ನಡೆಸಿ. ಸ್ಕೇಲ್ ಜೊತೆಗಿರಲಿ. ಅವರು ಎಲ್ಲೆಲ್ಲಿ ನಿಂತರು, ಎಲ್ಲಿ ಹೆದರಿದರು, ಗುರುತು ಹಾಕಿಕೊಳ್ಳಿ. ನಿಮ್ಮ ನಕ್ಷೆ ಅಲ್ಲಿಂದಲೇ ಶುರುವಾಗಲಿ.